ಆಲೂಗೆಡ್ಡೆಯ ಅಂಗಮಾರಿ: ಡಿ.ಎನ್.ಎ., ಅದರ ಮರುಕಳಿಕೆಗಳು ಮತ್ತು ಅದನ್ನು ಹಿಡಿಯುವ ಪ್ರೋಟೀನುಗಳು

ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳ ಕೆಮ್ಮಣ್ಣಿನ ಹೊಲಗಳಲ್ಲಿ ಮುಂಗಾರಿನ ಆಲೂಗೆಡ್ಡೆಯ ಬೇಸಾಯವು ಬಹುಕಾಲದಿಂದ ನಡೆದುಬಂದಿದೆ. ಸಮುದ್ರಮಟ್ಟಕ್ಕಿಂತ ಹೆಚ್ಚುಕಡಿಮೆ ೩,೦೦೦ ಅಡಿ ಎತ್ತರದಲ್ಲಿರುವ ಈ ಸೀಮೆಯ ತಂಪು ಹವೆಯು ಗೆಡ್ಡೆ ಕಟ್ಟುವುದಕ್ಕೆ ಅನುಕೂಲವಾದುದು. ಮೇ ತಿಂಗಳಿನಲ್ಲಿ ಹದವಾದ ಮಳೆ ಬಿದ್ದೊಡನೆ ರೈತರು ಗೆಡ್ಡೆಯನ್ನು ಊರಲು ಮೊದಲುಮಾಡುವರು. ಬಿತ್ತನೆ ಗೆಡ್ಡೆಯ ಬಹುಭಾಗವು ಪಂಜಾಬಿನ ಜಲಂಧರದ ಕಡೆಯಿಂದ ಹಾಸನದ ಮಾರುಕಟ್ಟೆಗೆ ಬರುತ್ತದೆ. ಬೇಸಾಯದ ಖರ್ಚಿನಲ್ಲಿ ಬಿತ್ತನೆಯ ಕ್ರಯವೇ ದೊಡ್ಡ ಪಾಲು. ಅನೇಕರು ಸಾಲ ತಂದು ಅದನ್ನು ಕೊಳ್ಳುವರು. ಜುಲೈ ತಿಂಗಳಿನಲ್ಲಿ ಮೋಡ ಕವಿದು ಜಡಿಮಳೆ ಹಿಡಿದಾಗ ಅಂಗಮಾರಿ ರೋಗವು ಬಿದ್ದರೆ, ಒಂದೇ ವಾರದಲ್ಲಿ ಹಸುರು ಹೊಲವು ಕರಿದಾಗಿ, ಸಾಲವು ಮಾತ್ರ ಉಳಿಯುವುದುಂಟು.

ಈ ಸೀಮೆಯಲ್ಲಿ ಹೆಚ್ಚಾಗಿ ಬೆಳೆಯುತ್ತ ಬಂದಿರುವ ತಳಿಯು ಕುಫ್ರಿ ಜ್ಯೋತಿ. ಶಿಮ್ಲಾದ ಕೇಂದ್ರ ಆಲೂಗೆಡ್ಡೆ ಸಂಶೋಧನಾ ಸಂಸ್ಥೆಯವರು ೧೯೬೮ರಲ್ಲಿ ಇದನ್ನು ಬಿಡುಗಡೆ ಮಾಡಿದಾಗ ಅಂಗಮಾರಿಯನ್ನು ತಕ್ಕಮಟ್ಟಿಗೆ ತಡೆಯುವ ಗುಣವು ಇದಕ್ಕಿದ್ದಿತು. ಈಗ ಆ ಗುಣವು ಬಹುಮಟ್ಟಿಗೆ ನಿಷ್ಫಲವಾಗಿದೆ. ಇದೇಕೆ ಹೀಗಾಯಿತೆಂಬುದು ವಿಚಾರಮಾಡತಕ್ಕ ವಿಷಯ. ಆಲೂಗೆಡ್ಡೆಯನ್ನು ಗೆಡ್ಡೆಯಿಂದಲೇ ಬೆಳೆಸುವುದರಿಂದ, ಬೀಜದ ಬೆಳೆಗಳಲ್ಲಿ ಆಗುವಂತೆ ತಾಯಿತಂದೆಗಳ ಗುಣಗಳು ವರ್ಷವರ್ಷವೂ ಬೆರೆಯುವುದಿಲ್ಲ. ೧೯೬೮ರ ಕುಫ್ರಿ ಜ್ಯೋತಿಗೂ ಇಂದಿನ ಕುಫ್ರಿ ಜ್ಯೋತಿಗೂ ವಂಶಗುಣದಲ್ಲಿ ಹೇಳತಕ್ಕಷ್ಟು ಭೇದವಿಲ್ಲ. ತಳಿಯು ಇದ್ದಂತೆಯೇ ಇದ್ದು, ರೋಗವು ಮಾರ್ಪಟ್ಟಿದೆ. ರೋಗದ ಜೀವಿಯು ಇಷ್ಟು ಬೇಗ ಮಾರ್ಪಡುವ ಬಗೆಯನ್ನು ತಿಳಿಯಬೇಕಾದರೆ, ವಂಶಗುಣಗಳನ್ನು ಹೊತ್ತಿರುವ ಡಿ.ಎನ್.ಎ. ಎಂಬ ವಸ್ತುವಿನ ಕಟ್ಟಡ, ಅದರಲ್ಲಿ ಮತ್ತೆಮತ್ತೆ ಬರುವ ಬರಹಗಳು, ಅದನ್ನು ಹಿಡಿದುಕೊಳ್ಳುವ ಪ್ರೋಟೀನುಗಳು, ಈ ಮೂರರ ಸಂಬಂಧವನ್ನು ಅರಿಯಬೇಕು.

೧. ರೋಗದ ಜೀವಿ

ಅಂಗಮಾರಿಯನ್ನು ತರುವ ಜೀವಿಯ ಶಾಸ್ತ್ರೀಯ ಹೆಸರು ಫೈಟಾಫ್ತೊರ ಇನ್‌ಫೆಸ್ಟಾನ್ಸ್. ಫೈಟಾಫ್ತೊರ ಎಂದರೆ ಗ್ರೀಕ್ ಭಾಷೆಯಲ್ಲಿ ಗಿಡಗಳನ್ನು ಹಾಳುಮಾಡುವುದು ಎಂದರ್ಥ. ಕಣ್ಣಿಗೆ ಇದು ಬೂಷ್ಟಿನಂತೆ ಕಂಡರೂ ನಿಜವಾದ ಬೂಷ್ಟುಗಳ ಕುಲಕ್ಕೆ ಸೇರಿದುದಲ್ಲ. ನೀರಿನಲ್ಲಿ ಈಜುವ ಬೀಜಾಣುಗಳನ್ನು ಬಿಡುವ ಬೇರೊಂದು ಗುಂಪಿಗೆ ಸೇರಿದೆ. ೧೮೪೫ರಿಂದ ಐರ್ಲೆಂಡ್ ದೇಶದಲ್ಲಿ ಆಲೂಗೆಡ್ಡೆಯ ಬೆಳೆಯನ್ನು ನಾಶಮಾಡಿ ಘೋರ ಕ್ಷಾಮವನ್ನು ತಂದುದು ಇದೇ.

ಕನ್ನಡ ನಾಡಿನ ರೈತರಿಗೆ ಈ ಕುಲವು ಹೊಸದಲ್ಲ. ಮಲೆನಾಡಿನ ಅಡಕೆ ತೋಟಗಳಲ್ಲಿ ಕೊಳೆರೋಗವನ್ನುಂಟುಮಾಡುವ ಜೀವಿಯೂ ಫೈಟಾಫ್ತೊರ ಕುಲದ್ದೇ. ಮೈಸೂರು ಸಂಸ್ಥಾನದ ವ್ಯವಸಾಯ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ನರು ಕೊಳೆರೋಗವನ್ನು ಪರಿಶೋಧಿಸಿ ೧೯೧೦ರಲ್ಲಿ ಅದರ ವರದಿಯನ್ನು ಪ್ರಕಟಿಸಿದರು. ಮೈಲುತುತ್ತವನ್ನೂ ಸುಣ್ಣವನ್ನೂ ಸೇರಿಸಿದ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸುವ ಪದ್ಧತಿಯನ್ನು ಬಳಕೆಗೆ ತಂದರು. ಆ ದ್ರಾವಣವು ಇಂದಿಗೂ ಗುಣವನ್ನು ಕೊಡುತ್ತಿರುವುದಕ್ಕೆ ಕಾರಣವು ಮುಂದೆ ತಿಳಿದುಬರುವುದು.

೨. ಡಿ.ಎನ್.ಎ.ಯ ಕಟ್ಟಡ

ಪ್ರತಿಯೊಂದು ಜೀವಕಣದ ನಡುವೆ ಇರುವ ಕೇಂದ್ರದಲ್ಲಿ ವರ್ಣತಂತುಗಳೆಂಬ ಎಳೆಗಳಿವೆ. ಇವುಗಳ ಮುಖ್ಯವಸ್ತುವೇ ಡಿ.ಎನ್.ಎ. ಇದರ ಕಟ್ಟಡವನ್ನು ೧೯೫೩ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಎಂಬ ಶಾಸ್ತ್ರಜ್ಞರು ಪ್ರಕಟಿಸಿದರು. ರೊಸಾಲಿಂಡ್ ಫ್ರಾಂಕ್ಲಿನ್ನರ ಎಕ್ಸ್-ಕಿರಣದ ಚಿತ್ರಗಳು ಅದಕ್ಕೆ ಆಧಾರವಾದುವು.

ಚನ್ನರಾಯಪಟ್ಟಣದ ಕಡೆ ತೆಂಗಿನ ನಾರಿನ ಎರಡು ಎಳೆಗಳನ್ನು ಹುರಿಮಾಡಿ ಹಗ್ಗ ಹೊಸೆಯುವುದನ್ನು ನೋಡಿದವರಿಗೆ ಡಿ.ಎನ್.ಎ.ಯ ರೂಪವು ಸುಲಭವಾಗಿ ತಿಳಿಯುತ್ತದೆ. ಇಲ್ಲಿಯೂ ಎರಡು ಎಳೆಗಳು ಒಂದನ್ನೊಂದು ಸುತ್ತಿಕೊಂಡಿವೆ. ಎಳೆಗಳ ನಡುವೆ ಏಣಿಯ ಮೆಟ್ಟಲುಗಳಂತೆ ಜೋಡಿವಸ್ತುಗಳಿವೆ. ಈ ವಸ್ತುಗಳು ನಾಲ್ಕೇ ಬಗೆ. ಅವುಗಳನ್ನು ಎ, ಟಿ, ಜಿ, ಸಿ ಎಂಬ ಅಕ್ಷರಗಳಿಂದ ಗುರುತಿಸುವರು. ಎ ಎದುರಿಗೆ ಯಾವಾಗಲೂ ಟಿ, ಜಿ ಎದುರಿಗೆ ಯಾವಾಗಲೂ ಸಿ ಇರುತ್ತದೆ. ಸುಮಾರು ಹತ್ತು ಹತ್ತೂವರೆ ಮೆಟ್ಟಲಿಗೆ ಹುರಿಯು ಒಂದು ಸುತ್ತು ತಿರುಗುತ್ತದೆ. ಒಂದು ಪ್ರೋಟೀನನ್ನು ಕಟ್ಟುವುದಕ್ಕೆ ಬೇಕಾದ ಆಜ್ಞೆಯು ಬರೆದಿರುವ ಭಾಗಕ್ಕೆ ಜೀನು ಎಂದು ಹೆಸರು.

ಹುರಿಯ ಹೊರಮೈಯಲ್ಲಿ ಎರಡು ತೋಡುಗಳು, ಒಂದು ಅಗಲವಾದುದು, ಒಂದು ಕಿರಿದಾದುದು, ಉದ್ದಕ್ಕೂ ಸುತ್ತಿಕೊಂಡು ಹೋಗುತ್ತವೆ. ಅಕ್ಷರಗಳ ಅಂಚುಗಳು ಈ ತೋಡುಗಳಲ್ಲಿ ಹೊರಗೆ ಕಾಣುತ್ತವೆ. ಆದುದರಿಂದ ಹುರಿಯನ್ನು ಬಿಚ್ಚದೆಯೇ ಪ್ರೋಟೀನೊಂದು ತನ್ನ ಒಂದು ಭಾಗವನ್ನು ಅಗಲವಾದ ತೋಡಿನಲ್ಲಿ ಇಟ್ಟು, ಕುರುಡನು ಬೆರಳಿನಿಂದ ತಡವಿ ತಿಳಿಯುವಂತೆ, ಅಲ್ಲಿನ ಅಕ್ಷರಗಳನ್ನು ತಿಳಿಯಬಲ್ಲುದು. ಇಂಥ ಪ್ರೋಟೀನುಗಳು ತಕ್ಕ ಸ್ಥಳದಲ್ಲಿ ಕುಳಿತು ಪಕ್ಕದ ಜೀನನ್ನು ನಡೆಯಿಸುತ್ತವೆ, ಅಥವಾ ತಡೆಯುತ್ತವೆ.

ಅಕ್ಷರಗಳ ಕ್ರಮವು ಹುರಿಯ ಮೈಕಟ್ಟನ್ನೂ ಗೊತ್ತುಮಾಡುತ್ತದೆ. ಒಂದೇ ಸಮನೆ ಎ ಅಕ್ಷರಗಳು ಸಾಲಾಗಿ ಬಂದ ಕಡೆ ಹುರಿಯು ಬಿಗಿಯಾಗಿ ಬಾಗದಂತಿರುತ್ತದೆ. ಬೇರೆ ಕೆಲವು ಕಡೆ ಸುಲಭವಾಗಿ ಬಾಗುತ್ತದೆ. ಈ ಭೇದವು ಏಕೆ ಮುಖ್ಯವೆಂದರೆ, ಡಿ.ಎನ್.ಎ.ಯನ್ನು ಮಡಿಸಿ ಇಡದೆ ಜೀವಕಣದಲ್ಲಿ ಸ್ಥಳವಿಲ್ಲ. ಆಲೂಗೆಡ್ಡೆಯ ಒಂದು ತಂಡದ ೧೨ ವರ್ಣತಂತುಗಳಲ್ಲಿ ಸುಮಾರು ೮೪ ಕೋಟಿ ಅಕ್ಷರಜೋಡಿಗಳಿವೆ. ನಾವು ಬೆಳೆಯುವ ಆಲೂಗೆಡ್ಡೆಯಲ್ಲಿ ಇಂಥ ನಾಲ್ಕು ತಂಡಗಳು, ಅಂದರೆ ೪೮ ವರ್ಣತಂತುಗಳಿವೆ. ಇವುಗಳ ಡಿ.ಎನ್.ಎ.ಯನ್ನು ಬಿಡಿಸಿ ಒಂದರ ತುದಿಗೊಂದು ಜೋಡಿಸಿದರೆ ಒಂದು ಮೀಟರಿಗೂ ಮಿಕ್ಕ ಉದ್ದವಾಗುತ್ತದೆ. ಇಷ್ಟು ಉದ್ದದ ಎಳೆಯು ಬರಿಗಣ್ಣಿಗೆ ಕಾಣದ ಕೇಂದ್ರದೊಳಗೆ ಅಡಗಿರಬೇಕು.

ಈ ಕೆಲಸಕ್ಕಾಗಿ ಹಿಸ್ಟೋನುಗಳೆಂಬ ಪ್ರೋಟೀನುಗಳಿವೆ. ಎಂಟು ಹಿಸ್ಟೋನುಗಳು ಸೇರಿ ಒಂದು ದಾರದುಂಡೆಯಾಗುತ್ತವೆ. ಅದರ ಮೇಲೆ ೧೪೭ ಅಕ್ಷರಜೋಡಿಗಳಷ್ಟು ಡಿ.ಎನ್.ಎ. ಒಂದು ಮುಕ್ಕಾಲು ಸುತ್ತಿಗೆ ತುಸು ಕಡಿಮೆಯಾಗಿ ಸುತ್ತಿಕೊಳ್ಳುತ್ತದೆ. ಡಿ.ಎನ್.ಎ.ಗೆ ಋಣ ವಿದ್ಯುದಂಶವೂ ಹಿಸ್ಟೋನಿಗೆ ಧನ ವಿದ್ಯುದಂಶವೂ ಇರುವುದರಿಂದ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಸುಲಭವಾಗಿ ಬಾಗುವ ಬರಹವು ಉಂಡೆಗೆ ಒಗ್ಗುತ್ತದೆ. ಬಿಗಿಯಾದ ಎ ಸಾಲುಗಳು ಒಗ್ಗದೆ ಹೊರಗುಳಿಯುತ್ತವೆ. ಹೀಗೆ ಹೊರಗುಳಿದ ಸ್ಥಳಗಳಲ್ಲಿ ಜೀನನ್ನು ಓದುವ ಪ್ರೋಟೀನುಗಳಿಗೆ ಪ್ರವೇಶ ದೊರೆಯುತ್ತದೆ. ಬರಹವು ರೂಪವನ್ನೂ, ರೂಪವು ಪ್ರೋಟೀನಿನ ಸ್ಥಾನವನ್ನೂ, ಪ್ರೋಟೀನಿನ ಸ್ಥಾನವು ಜೀನಿನ ನಡವಳಿಕೆಯನ್ನೂ ಗೊತ್ತುಮಾಡುವ ಕ್ರಮವಿದು.

೩. ಮತ್ತೆಮತ್ತೆ ಬರುವ ಬರಹ

ಡಿ.ಎನ್.ಎ. ಎಲ್ಲವೂ ಜೀನುಗಳಲ್ಲ. ಬಹುಭಾಗವು ಒಂದೇ ಬರಹದ ಮರುಕಳಿಕೆಗಳಿಂದ ತುಂಬಿದೆ. ೨೦೧೧ರಲ್ಲಿ ಅಂತರರಾಷ್ಟ್ರೀಯ ಕೂಟವೊಂದು ಆಲೂಗೆಡ್ಡೆಯ ಡಿ.ಎನ್.ಎ.ಯನ್ನು ಓದಿ ಪ್ರಕಟಿಸಿದಾಗ, ಸುಮಾರು ೩೯,೦೦೦ ಜೀನುಗಳಿವೆಯೆಂದೂ, ಆದರೆ ನೂರಕ್ಕೆ ೬೦ಕ್ಕೂ ಮೇಲ್ಪಟ್ಟ ಭಾಗವು ಮರುಕಳಿಕೆಯೆಂದೂ ತಿಳಿದುಬಂದಿತು. ಮರುಕಳಿಕೆಗಳಲ್ಲಿ ಮುಖ್ಯವಾಗಿ ಮೂರು ಬಗೆಗಳುಂಟು.

ಮೊದಲನೆಯದು ಕಿರುಮರುಕಳಿಕೆ. ಸಿಎ, ಸಿಎ, ಸಿಎ ಎಂದು ಎರಡು ಮೂರು ಅಕ್ಷರಗಳ ಬರಹವು ಹತ್ತಿಪ್ಪತ್ತು ಸಲ ಸಾಲಾಗಿ ಬರುವುದು. ಜೀವಕಣವು ಇಬ್ಭಾಗವಾಗುವ ಮೊದಲು ಪ್ರೋಟೀನುಗಳು ಡಿ.ಎನ್.ಎ.ಯ ಪ್ರತಿಯನ್ನು ತೆಗೆಯುತ್ತವೆ. ಇಂಥ ಕಡೆ, ಒಂದೇ ರೀತಿಯ ಸಾಲುಗಳನ್ನು ನಕಲುಮಾಡುವ ಬರಹಗಾರನು ಎಲ್ಲಿದ್ದೆನೆಂಬುದನ್ನು ಮರೆತು ಒಂದು ಸಾಲನ್ನು ಹೆಚ್ಚಾಗಿ ಬರೆಯುವಂತೆ ಅಥವಾ ಬಿಟ್ಟುಬಿಡುವಂತೆ, ಎಳೆಯು ಜಾರಿ ಮರುಕಳಿಕೆಯ ಸಂಖ್ಯೆಯು ಹೆಚ್ಚುಕಡಿಮೆಯಾಗುತ್ತದೆ.

ಎರಡನೆಯದು ದೀರ್ಘಸಾಲು. ನೂರಾರು ಅಥವಾ ಸಾವಿರಾರು ಅಕ್ಷರಗಳ ಒಂದು ತುಂಡು ಸಾವಿರಾರು ಸಲ ಒಂದರ ಬೆನ್ನಿಗೊಂದು ಬರುವುದು. ಮೂರನೆಯದು ನೆಗೆಯುವ ತುಂಡು. ಇದು ತನ್ನ ಪ್ರತಿಯನ್ನು ಬೇರೊಂದು ಸ್ಥಳದಲ್ಲಿ ಸೇರಿಸಬಲ್ಲುದು. ಅಮೆರಿಕದ ಬಾರ್ಬರಾ ಮೆಕ್ಲಿಂಟಾಕರು ೧೯೪೦ರ ದಶಕದಲ್ಲಿ ಮೆಕ್ಕೆಜೋಳದ ಕಾಳುಗಳ ಬಣ್ಣದ ಚುಕ್ಕೆಗಳನ್ನು ಪರೀಕ್ಷಿಸುತ್ತ ಇದನ್ನು ಕಂಡುಹಿಡಿದರು. ೧೯೮೩ರಲ್ಲಿ ಅವರಿಗೆ ನೊಬೆಲ್ ಬಹುಮಾನವು ದೊರೆಯಿತು.

೪. ಮರುಕಳಿಕೆಗಳನ್ನು ಹಿಡಿಯುವ ಪ್ರೋಟೀನುಗಳು

ನೆಗೆಯುವ ತುಂಡುಗಳನ್ನು ಸ್ವೇಚ್ಛೆಯಾಗಿ ಬಿಟ್ಟರೆ ಅವು ಬೇಕಾದ ಜೀನುಗಳ ನಡುವೆ ಹೊಕ್ಕು ಕೆಡಿಸುವುವು. ಆದುದರಿಂದ ಜೀವಕಣವು ಇವುಗಳನ್ನು ಕಟ್ಟಿಹಾಕುತ್ತದೆ. ಅಂಥ ಭಾಗದ ಹಿಸ್ಟೋನುಗಳ ಮೇಲೆ ಮೀಥೈಲ್ ಎಂಬ ಸಣ್ಣ ರಾಸಾಯನಿಕ ಗುರುತನ್ನು ಹಾಕಲಾಗುತ್ತದೆ. ಆ ಗುರುತನ್ನು ಗುರುತಿಸುವ ಬೇರೆ ಪ್ರೋಟೀನುಗಳು ಅಲ್ಲಿ ಬಂದು ಕುಳಿತು, ಉಂಡೆಗಳನ್ನು ಒತ್ತಾಗಿ ಸೇರಿಸಿ, ಆ ಭಾಗವನ್ನು ಓದದಂತೆ ಮುಚ್ಚುತ್ತವೆ. ಓದಬೇಕಾದ ಭಾಗದಲ್ಲಿ ಅಸಿಟೈಲ್ ಎಂಬ ಬೇರೆ ಗುರುತು ಬಿದ್ದು ಹಿಸ್ಟೋನಿನ ಧನಾಂಶವನ್ನು ಕಡಿಮೆಮಾಡುವುದರಿಂದ ಸುತ್ತು ಸಡಿಲವಾಗುತ್ತದೆ.

ಮುಚ್ಚುವ ಈ ಕ್ರಿಯೆಯು ಮರುಕಳಿಕೆಯ ಎಲ್ಲೆಯಲ್ಲಿಯೇ ನಿಲ್ಲುವುದೆಂಬ ನಿಯಮವಿಲ್ಲ. ಗುರುತು ಕಂಡು ಬಂದ ಪ್ರೋಟೀನು ಪಕ್ಕದ ಉಂಡೆಗೂ ಗುರುತು ಹಾಕಿಸಬಲ್ಲುದು. ಹೀಗೆ ಮುಚ್ಚಿಗೆಯು ಪಕ್ಕಕ್ಕೆ ಹರಡುತ್ತದೆ. ಆಗ ನೆರೆಯಲ್ಲಿರುವ ಜೀನಿನ ಅಕ್ಷರಗಳಲ್ಲಿ ಒಂದೂ ಕೆಡದಿದ್ದರೂ ಅದು ಓದಿಸಿಕೊಳ್ಳದೆ ಮೌನವಾಗುತ್ತದೆ.

ಪ್ರೋಟೀನುಗಳು ಅಕ್ಷರಗಳನ್ನು ಮಾತ್ರವೇ ನೋಡಿ ಸ್ಥಳವನ್ನು ಆರಿಸುವುದಿಲ್ಲವೆಂಬುದಕ್ಕೆ ಆಲೂಗೆಡ್ಡೆಯೇ ಒಳ್ಳೆಯ ನಿದರ್ಶನ. ಪ್ರತಿಯೊಂದು ವರ್ಣತಂತುವಿಗೂ ಒಂದು ನಡುಗಂಟು ಇರಬೇಕು. ಜೀವಕಣವು ಇಬ್ಭಾಗವಾಗುವಾಗ ಎಳೆಯುವ ನೂಲುಗಳು ಅಲ್ಲಿಗೆ ಕಟ್ಟಿಕೊಳ್ಳುತ್ತವೆ. ಅಲ್ಲಿ ಸಾಮಾನ್ಯ ಹಿಸ್ಟೋನಿನ ಬದಲು ಸೆನ್-ಎಚ್೩ ಎಂಬ ವಿಶೇಷ ಹಿಸ್ಟೋನು ಇರುತ್ತದೆ. ೨೦೧೨ರಲ್ಲಿ ಪ್ರಕಟವಾದ ಪರಿಶೋಧನೆಯಲ್ಲಿ, ಆಲೂಗೆಡ್ಡೆಯ ೧೨ ನಡುಗಂಟುಗಳ ಪೈಕಿ ಆರರಲ್ಲಿ ದೀರ್ಘಸಾಲಿನ ಮರುಕಳಿಕೆಗಳು ಲಕ್ಷಗಟ್ಟಲೆ ಅಕ್ಷರಗಳಷ್ಟು ಉದ್ದಕ್ಕೆ ಹಬ್ಬಿದ್ದುವು. ಅವೂ ಒಂದೊಂದರಲ್ಲಿ ಒಂದೊಂದು ಬಗೆ. ಇನ್ನೈದರಲ್ಲಿ ಅಂಥ ಮರುಕಳಿಕೆಯೇ ಇರಲಿಲ್ಲ. ಆದರೂ ಎಲ್ಲ ನಡುಗಂಟುಗಳೂ ಒಂದೇ ಕೆಲಸವನ್ನು ಮಾಡುತ್ತವೆ. ಸೆನ್-ಎಚ್೩ ಮೊದಲು ಎಲ್ಲಿ ನೆಲೆಸಿದ್ದಿತೋ ಮುಂದಿನ ಪೀಳಿಗೆಯ ಜೀವಕಣದಲ್ಲಿಯೂ ಅಲ್ಲಿಯೇ ನೆಲೆಸುವ ಸ್ವಭಾವವುಳ್ಳದ್ದು. ಬರಹ, ಮಡಿಕೆ, ಮೊದಲಿದ್ದ ಪ್ರೋಟೀನಿನ ಗುರುತು, ಈ ಮೂರೂ ಸೇರಿಯೇ ಸ್ಥಾನವು ನಿಶ್ಚಯವಾಗುತ್ತದೆಂದು ಇದರಿಂದ ತಿಳಿಯಬಹುದು.

೫. ಅಂಗಮಾರಿಯ ಜೀವಿಯಲ್ಲಿ ಈ ಮೂರರ ಆಟ

ಅಂಗಮಾರಿಯ ಜೀವಿಯ ಡಿ.ಎನ್.ಎ.ಯನ್ನು ೨೦೦೯ರಲ್ಲಿ ಓದಿ ಪ್ರಕಟಿಸಲಾಯಿತು. ಅದರಲ್ಲಿ ಸುಮಾರು ೨೪ ಕೋಟಿ ಅಕ್ಷರಜೋಡಿಗಳಿವೆ. ಅದರ ದಾಯಾದಿಯೂ ಸೋಯಾ ಅವರೆಯ ಬೇರುಕೊಳೆಗೆ ಕಾರಣವೂ ಆದ ಫೈಟಾಫ್ತೊರದಲ್ಲಿ ಇರುವುದು ಸುಮಾರು ೯.೫ ಕೋಟಿ; ಓಕ್ ಮರಗಳನ್ನು ಒಣಗಿಸುವ ಇನ್ನೊಂದು ದಾಯಾದಿಯಲ್ಲಿ ೬.೫ ಕೋಟಿ. ಜೀನುಗಳ ಸಂಖ್ಯೆಯಲ್ಲಿ ಇಷ್ಟು ಅಂತರವಿಲ್ಲ. ಅಂಗಮಾರಿಯ ಜೀವಿಯಲ್ಲಿ ಅವು ಸುಮಾರು ೧೮,೦೦೦. ಹೆಚ್ಚಾಗಿರುವುದೆಲ್ಲವೂ ಬಹುಮಟ್ಟಿಗೆ ಮರುಕಳಿಕೆ. ಇಡೀ ಡಿ.ಎನ್.ಎ.ಯಲ್ಲಿ ನೂರಕ್ಕೆ ೭೪ರಷ್ಟು ಭಾಗವು ಮರುಕಳಿಸುವ ಬರಹವೇ.

ಇದಕ್ಕಿಂತಲೂ ಗಮನಿಸತಕ್ಕ ಸಂಗತಿಯೆಂದರೆ ಜೀನುಗಳ ವಿಂಗಡಣೆ. ಉಸಿರಾಟ, ಆಹಾರ ಮೊದಲಾದ ನಿತ್ಯಕಾರ್ಯಗಳ ಜೀನುಗಳು ಊರಿನ ಮನೆಗಳಂತೆ ಒತ್ತಾಗಿವೆ; ಅಲ್ಲಿ ಮರುಕಳಿಕೆ ಕಡಿಮೆ, ಬದಲಾವಣೆಯೂ ಕಡಿಮೆ. ಗಿಡದ ಮೇಲೆ ದಾಳಿಮಾಡುವುದಕ್ಕೆ ಬೇಕಾದ ಜೀನುಗಳಾದರೋ ಕಾವಲಿನ ನಡುವಣ ಒಂಟಿ ಮನೆಗಳಂತೆ ಮರುಕಳಿಕೆಗಳ ನಡುವೆ ದೂರದೂರವಾಗಿವೆ. ಈ ದಾಳಿಯ ಜೀನುಗಳಲ್ಲಿ ಒಂದು ವರ್ಗದವೇ ೫೦೦ಕ್ಕೂ ಮಿಕ್ಕು ಇವೆ. ಅವುಗಳಿಂದಾಗುವ ಪ್ರೋಟೀನುಗಳು ಎಲೆಯ ಜೀವಕಣದೊಳಗೆ ಹೊಕ್ಕು ಅದರ ರಕ್ಷಣೆಯನ್ನು ಕುಗ್ಗಿಸುತ್ತವೆ.

ಗಿಡವೂ ಸುಮ್ಮನಿರುವುದಿಲ್ಲ. ಮೆಕ್ಸಿಕೊ ದೇಶದ ಸೊಲಾನಮ್ ಡೆಮಿಸ್ಸಮ್ ಎಂಬ ಕಾಡು ಆಲೂಗೆಡ್ಡೆಯಿಂದ ತಳಿತಜ್ಞರು ತಂದ ಆರ್-೩ಎ ಎಂಬ ಜೀನು ಇದಕ್ಕೆ ದೃಷ್ಟಾಂತ. ಅದರ ಪ್ರೋಟೀನು ಒಂದು ಕಾವಲುಗಾರನಂತಿದ್ದು, ರೋಗದ ಎವಿಆರ್-೩ಎ ಎಂಬ ದಾಳಿಯ ಪ್ರೋಟೀನನ್ನು ಕಂಡೊಡನೆ ಸೋಂಕಿದ ಜೀವಕಣವನ್ನೇ ಸಾಯಿಸಿ ರೋಗವನ್ನು ಅಲ್ಲಿಯೇ ತಡೆಯುತ್ತದೆ. ಆದರೆ ರೋಗದ ಇನ್ನೊಂದು ಪಂಗಡದಲ್ಲಿ ಅದೇ ದಾಳಿಯ ಪ್ರೋಟೀನು ೮೦ನೆಯ ಮತ್ತು ೧೦೩ನೆಯ ಸ್ಥಾನಗಳ ಎರಡು ಘಟಕಗಳಲ್ಲಿ ಮಾತ್ರ ಬೇರೆಯಾಗಿದೆ. ಇಷ್ಟರಿಂದಲೇ ಕಾವಲುಗಾರನಿಗೆ ಅದರ ಗುರುತು ಸಿಕ್ಕುವುದಿಲ್ಲ. ಕಾಡು ಆಲೂಗೆಡ್ಡೆಯಿಂದಲೇ ಬಂದ ವಿಎನ್‌ಟಿ-೧ ಎಂಬ ಇನ್ನೊಂದು ಕಾವಲಿನ ಜೀನಿನ ವಿಷಯದಲ್ಲಿ, ರೋಗವು ತನ್ನ ದಾಳಿಯ ಜೀನನ್ನು ಓದಿಸದೆ ಮೌನಗೊಳಿಸಿ ತಪ್ಪಿಸಿಕೊಂಡುದೂ ಕಂಡುಬಂದಿದೆ.

ಮರುಕಳಿಕೆಗಳು ತುಂಬಿರುವ ಸ್ಥಳದಲ್ಲಿ ಇಂಥ ಮಾರ್ಪಾಟುಗಳಿಗೆ ಅವಕಾಶವು ಹೆಚ್ಚು. ಒಂದೇ ಬರಹವು ಎರಡು ಕಡೆ ಇದ್ದಾಗ ವರ್ಣತಂತುಗಳು ತಪ್ಪಾಗಿ ಜೋಡಿಯಾಗಿ, ನಡುವಿನ ಜೀನು ಒಂದರಲ್ಲಿ ಇಮ್ಮಡಿಯಾಗಿಯೂ ಇನ್ನೊಂದರಲ್ಲಿ ಇಲ್ಲದಂತೆಯೂ ಆಗಬಹುದು. ನೆಗೆಯುವ ತುಂಡು ಜೀನಿನೊಳಕ್ಕೆ ಹೊಗಬಹುದು. ಮರುಕಳಿಕೆಯನ್ನು ಮುಚ್ಚಲು ಬಂದ ಪ್ರೋಟೀನುಗಳು ಪಕ್ಕದ ದಾಳಿಯ ಜೀನನ್ನೂ ಮುಚ್ಚಬಹುದು. ಇವುಗಳಲ್ಲಿ ಹೆಚ್ಚಿನವು ರೋಗದ ಜೀವಿಗೇ ಹಾನಿಕರ. ಆದರೆ ಒಂದು ಹೊಲದಲ್ಲಿ ಲೆಕ್ಕವಿಲ್ಲದಷ್ಟು ಬೀಜಾಣುಗಳು ಹುಟ್ಟುವುದರಿಂದ, ಅವುಗಳಲ್ಲಿ ಒಂದಕ್ಕೆ ಅನುಕೂಲವಾದ ಮಾರ್ಪಾಟಾದರೂ ಸಾಕು. ತಂಪಾದ ಮಳೆಗಾಲದಲ್ಲಿ ನಾಲ್ಕೈದು ದಿನಗಳಿಂದ ಒಂದು ವಾರದೊಳಗೆ ಹೊಸ ಪೀಳಿಗೆಯು ಹುಟ್ಟಿ ಅದು ಹರಡುತ್ತದೆ. ನಾಲ್ಕು ತಾಲ್ಲೂಕುಗಳ ಹೊಲಗಳಲ್ಲೆಲ್ಲ ಒಂದೇ ತಳಿಯಿದ್ದರೆ, ಒಂದು ಹೊಲದಲ್ಲಿ ಗೆದ್ದ ಪಂಗಡಕ್ಕೆ ಎಲ್ಲ ಹೊಲಗಳೂ ತೆರೆದ ಬಾಗಿಲು.

೬. ಮರುಕಳಿಕೆಯಿಂದ ರೋಗದ ಗುರುತು

ರೋಗಕ್ಕೆ ನೆರವಾಗುವ ಮರುಕಳಿಕೆಯು ಅದನ್ನು ಹಿಡಿದುಕೊಡುವುದಕ್ಕೂ ಸಾಧನವಾಗಿದೆ. ಕಿರುಮರುಕಳಿಕೆಯ ಸಂಖ್ಯೆಯು ಪಂಗಡದಿಂದ ಪಂಗಡಕ್ಕೆ ಬೇರೆಯಾಗಿರುತ್ತದೆಂದು ಮೇಲೆ ಹೇಳಿದೆಯಷ್ಟೆ. ಪ್ರಯೋಗಶಾಲೆಯಲ್ಲಿ ರೋಗದ ಡಿ.ಎನ್.ಎ.ಯನ್ನು ತೆಗೆದು, ಮರುಕಳಿಕೆಯ ಎರಡು ಪಕ್ಕಗಳಿಗೂ ಅಂಟುವ ಕಿರುತುಂಡುಗಳನ್ನು ಸೇರಿಸಿ, ಪ್ರತಿತೆಗೆಯುವ ಪ್ರೋಟೀನಿನಿಂದ ಆ ಭಾಗವನ್ನು ಮಾತ್ರ ಕೋಟ್ಯಂತರವಾಗಿ ಹೆಚ್ಚಿಸಿ, ಅದರ ಉದ್ದವನ್ನು ಅಳೆಯುವರು. ಇಂಥ ಹತ್ತು ಹನ್ನೆರಡು ಸ್ಥಳಗಳ ಉದ್ದಗಳನ್ನು ಒಟ್ಟಿಗೆ ನೋಡಿದರೆ, ಬೆರಳಿನ ಗುರುತಿನಿಂದ ಮನುಷ್ಯನನ್ನು ಗೊತ್ತುಹಚ್ಚುವಂತೆ, ಪಂಗಡವನ್ನು ಗೊತ್ತುಹಚ್ಚಬಹುದು.

೨೦೦೯ ಮತ್ತು ೨೦೧೦ರ ಮಳೆಗಾಲಗಳಲ್ಲಿ ಕರ್ನಾಟಕದ ಟೊಮ್ಯಾಟೊ ಹೊಲಗಳಲ್ಲಿ ಅಂಗಮಾರಿಯು ಹಿಂದೆಂದೂ ಕಾಣದಷ್ಟು ಉಗ್ರವಾಗಿ ಹಬ್ಬಿತು. ಬೆಂಗಳೂರಿಗೆ ಸಮೀಪದ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಪಿ. ಚೌಡಪ್ಪನವರೂ ಅವರ ಸಂಗಡಿಗರೂ ಮಾದರಿಗಳನ್ನು ಸಂಗ್ರಹಿಸಿ ಈ ಬಗೆಯ ಪರೀಕ್ಷೆಗಳಿಗೆ ಒಳಪಡಿಸಿದರು. ೨೦೧೩ರಲ್ಲಿ ಟೊಮ್ಯಾಟೊವಿನ ವಿಷಯವಾಗಿಯೂ, ೨೦೧೫ರಲ್ಲಿ ದಕ್ಷಿಣ ಭಾರತದ ಆಲೂಗೆಡ್ಡೆ ಮತ್ತು ಟೊಮ್ಯಾಟೊಗಳ ವಿಷಯವಾಗಿಯೂ ಪ್ರಕಟವಾದ ಫಲಿತಾಂಶಗಳಿಂದ, ಹಳೆಯ ಪಂಗಡಗಳ ಸ್ಥಾನವನ್ನು ೧೩-ಎ೨ ಎಂಬ ಪಂಗಡವು ಆಕ್ರಮಿಸಿದುದು ತಿಳಿದುಬಂದಿತು. ಇದು ೨೦೦೪ರ ಸುಮಾರಿಗೆ ಯೂರೋಪಿನಲ್ಲಿ ಕಾಣಿಸಿಕೊಂಡು ಅಲ್ಲೆಲ್ಲ ಹಬ್ಬಿದ ಪಂಗಡ. ಆಮದಾದ ಆಲೂಗೆಡ್ಡೆಯೊಡನೆ ಇದು ಈ ದೇಶಕ್ಕೆ ಬಂದಿರಬಹುದೆಂದು ಪರಿಶೋಧಕರ ಅಭಿಪ್ರಾಯ. ರೋಗದ ಪಯಣಕ್ಕೆ ಗೆಡ್ಡೆಯೇ ವಾಹನವಾದುದರಿಂದ, ದೂರದಿಂದ ಬಿತ್ತನೆಯನ್ನು ತರಿಸುವ ಹಾಸನದ ಸೀಮೆಗೆ ಇದು ಎಚ್ಚರಿಕೆಯ ಮಾತು.

ಈ ಪಂಗಡದ ಇನ್ನೊಂದು ಗುಣವು ಮೆಟಲಾಕ್ಸಿಲ್ ಎಂಬ ಔಷಧಕ್ಕೆ ಬಗ್ಗದಿರುವುದು. ಅದರ ಕಾರಣದಲ್ಲಿಯೂ ಡಿ.ಎನ್.ಎ., ಮರುಕಳಿಕೆ, ಪ್ರೋಟೀನು ಮೂರೂ ಸೇರಿವೆ. ಜೀವಕಣದಲ್ಲಿ ಪ್ರೋಟೀನುಗಳನ್ನು ಕಟ್ಟುವ ರೈಬೊಸೋಮ್ ಎಂಬ ಯಂತ್ರಗಳು ಅಪಾರವಾಗಿ ಬೇಕಾಗುವುದರಿಂದ, ಅವುಗಳ ಆಜ್ಞೆಯುಳ್ಳ ಜೀನು ಒಂದೇ ಇರದೆ ಅನೇಕ ಪ್ರತಿಗಳಾಗಿ ಸಾಲಾಗಿ ನಿಂತಿರುತ್ತದೆ. ಉಪಯುಕ್ತವಾದ ಮರುಕಳಿಕೆಗೆ ಇದು ಉದಾಹರಣೆ. ಈ ಸಾಲನ್ನು ಹಿಡಿದು ಓದುವುದಕ್ಕೆಂದೇ ಆರ್.ಎನ್.ಎ. ಪಾಲಿಮರೇಸ್-೧ ಎಂಬ ಪ್ರೋಟೀನು ಇದೆ. ಮೆಟಲಾಕ್ಸಿಲ್ ಔಷಧವು ಈ ಪ್ರೋಟೀನಿನ ಕೆಲಸವನ್ನು ತಡೆದು ರೋಗವನ್ನು ಕೊಲ್ಲುತ್ತದೆ. ೨೦೧೪ರಲ್ಲಿ ಪ್ರಕಟವಾದ ಪರಿಶೋಧನೆಯಿಂದ, ಔಷಧಕ್ಕೆ ಬಗ್ಗದ ಕೆಲವು ಪಂಗಡಗಳಲ್ಲಿ ಈ ಪ್ರೋಟೀನಿನ ದೊಡ್ಡ ಭಾಗದಲ್ಲಿ ಒಂದು ಘಟಕವು ಬದಲಾಗಿರುವುದು ಕಂಡುಬಂದಿತು. ಔಷಧವು ಒಂದೇ ಸ್ಥಳದಲ್ಲಿ ಕೆಲಸಮಾಡುವುದಾದರೆ, ಆ ಸ್ಥಳವು ಬದಲಾದೊಡನೆ ರೈತನು ಕೊಟ್ಟ ಹಣವು ವ್ಯರ್ಥ. ಬೋರ್ಡೋ ದ್ರಾವಣದ ತಾಮ್ರವಾಗಲಿ ಮ್ಯಾಂಕೊಜೆಬ್ ಆಗಲಿ ಬೀಜಾಣುವಿನ ಅನೇಕ ಪ್ರೋಟೀನುಗಳನ್ನು ಏಕಕಾಲದಲ್ಲಿ ಕೆಡಿಸುತ್ತದೆ. ಅಷ್ಟೂ ಸ್ಥಳಗಳಲ್ಲಿ ಒಟ್ಟಿಗೆ ಮಾರ್ಪಾಟಾಗುವುದು ರೋಗಕ್ಕೆ ಬಹು ಕಷ್ಟ. ಕೋಲ್ಮನ್ನರ ಕಾಲದ ದ್ರಾವಣವು ನೂರು ವರ್ಷಗಳ ಮೇಲೂ ಕೆಲಸಕ್ಕೆ ಬರುತ್ತಿರುವುದು ಇದರಿಂದಲೇ. ಆದರೆ ಇವು ಎಲೆಯ ಮೇಲೆ ಮಾತ್ರ ನಿಲ್ಲುವುದರಿಂದ, ರೋಗವು ಎಲೆಯೊಳಗೆ ಹೊಗುವ ಮೊದಲೇ ಸಿಂಪಡಿಸಿರಬೇಕು.

೭. ರೈತರು ಗಮನಿಸಬೇಕಾದ ಅಂಶಗಳು

(೧) ಬಿತ್ತನೆಯನ್ನು ಕೊಳ್ಳುವಾಗ ಗೆಡ್ಡೆಗಳನ್ನು ಕೊಯ್ದು ನೋಡಬೇಕು. ಸಿಪ್ಪೆಯ ಕೆಳಗೆ ಕಂದುಬಣ್ಣದ ಒಣಕೊಳೆಯಿದ್ದರೆ ಅಂಥ ಗೆಡ್ಡೆಗಳನ್ನು ಬಿತ್ತಬಾರದು. ಗೆಡ್ಡೆಯನ್ನು ಹೋಳುಮಾಡಿ ಊರುವವರು ಚಾಕುವನ್ನು ಆಗಾಗ ಔಷಧದಲ್ಲಿ ಅದ್ದಿ, ಹೋಳುಗಳನ್ನು ಮ್ಯಾಂಕೊಜೆಬ್‌ನಿಂದ ಉಪಚರಿಸಿ, ನೆರಳಿನಲ್ಲಿ ಗಾಯವು ಮಾಗಿದ ಮೇಲೆ ಬಿತ್ತುವುದು ಒಳ್ಳೆಯದು.

(೨) ಹಿಂದಿನ ವರ್ಷ ಮಣ್ಣಿನಲ್ಲುಳಿದು ತಾನಾಗಿ ಮೊಳೆತ ಗಿಡಗಳನ್ನೂ, ಆರಿಸಿ ಬಿಸಾಡಿದ ಗೆಡ್ಡೆಗಳ ರಾಶಿಯನ್ನೂ ಉಳಿಸಬಾರದು. ರೋಗವು ಅಲ್ಲಿಂದ ಹೊರಡುವುದುಂಟು. ಅಲ್ಲದೆ ಈ ಜೀವಿಯಲ್ಲಿ ಎ೧, ಎ೨ ಎಂಬ ಎರಡು ಲಿಂಗಭೇದಗಳಿವೆ. ಎರಡೂ ಒಂದೇ ಹೊಲದಲ್ಲಿ ಕೂಡಿದರೆ ಮಣ್ಣಿನಲ್ಲಿ ಬಹುಕಾಲ ಬದುಕುವ ದಪ್ಪಗೋಡೆಯ ಬೀಜಾಣುಗಳು ಹುಟ್ಟಬಹುದು, ಹೊಸ ಪಂಗಡಗಳಿಗೂ ಅದು ದಾರಿ.

(೩) ಮೋಡ, ಜಡಿಮಳೆ, ಮಂಜು ಕಂಡೊಡನೆ, ರೋಗದ ಚುಕ್ಕೆಗಾಗಿ ಕಾಯದೆ, ಮ್ಯಾಂಕೊಜೆಬನ್ನು ಲೀಟರು ನೀರಿಗೆ ೨ ಗ್ರಾಂನಂತೆ ಬೆರೆಸಿ ಎಲೆಗಳ ಕೆಳಮೈಗೂ ತಾಗುವಂತೆ ಸಿಂಪಡಿಸಬೇಕು.

(೪) ಗಿಡದೊಳಗೆ ಹರಡುವ ಔಷಧಗಳನ್ನು ಬಳಸುವಾಗ ಒಂದನ್ನೇ ಮತ್ತೆಮತ್ತೆ ಬಳಸಬಾರದು. ಬೇರೆ ಬೇರೆ ಸ್ಥಳಗಳಲ್ಲಿ ಕೆಲಸಮಾಡುವ ಔಷಧಗಳನ್ನು ಸರದಿಯ ಮೇಲೆ ಬಳಸಬೇಕು. ಅಂಗಡಿಯಲ್ಲಿ ಹೆಸರು ಬೇರೆಯಾದರೂ ಒಳಗಿನ ವಸ್ತು ಒಂದೇ ಆಗಿರುವುದುಂಟು. ಆದುದರಿಂದ ಡಬ್ಬಿಯ ಮೇಲೆ ಬರೆದಿರುವ ಮೂಲವಸ್ತುವಿನ ಹೆಸರನ್ನು ಓದಿಯೋ ಓದಿಸಿಯೋ ಕೊಳ್ಳಬೇಕು.

(೫) ಊರಿನ ಎಲ್ಲ ಹೊಲಗಳಲ್ಲಿಯೂ ಒಂದೇ ತಳಿಯನ್ನು ಹಾಕದೆ, ರೋಗವನ್ನು ತಕ್ಕಮಟ್ಟಿಗೆ ತಡೆಯುವ ಕುಫ್ರಿ ಹಿಮಾಲಿನಿಯಂಥ ತಳಿಗಳನ್ನೂ ಸ್ವಲ್ಪ ಸ್ವಲ್ಪವಾಗಿ ಪ್ರಯೋಗಿಸಿ ನೋಡಬೇಕು. ಯಾವ ತಳಿಯ ಗುಣವೂ ಶಾಶ್ವತವೆಂದು ನಂಬಿ ಸಿಂಪಡಣೆಯನ್ನು ಬಿಡಬಾರದು.

(೬) ಆಲೂಗೆಡ್ಡೆಯ ಹೊಲದ ಮಗ್ಗುಲಲ್ಲಿ ಟೊಮ್ಯಾಟೊ ಹಾಕುವುದನ್ನು ಆದಷ್ಟು ತಪ್ಪಿಸಬೇಕು. ಒಂದರ ರೋಗವು ಇನ್ನೊಂದಕ್ಕೆ ತಗಲುತ್ತದೆ. ಸಾಲುಗಳಿಗೆ ಮಣ್ಣನ್ನು ಎತ್ತರವಾಗಿ ಏರಿಸುವುದರಿಂದ ಬೀಜಾಣುಗಳು ಮಳೆನೀರಿನೊಡನೆ ಗೆಡ್ಡೆಗೆ ಇಳಿಯುವುದು ಕಡಿಮೆಯಾಗುತ್ತದೆ.

(೭) ಸಿಂಪಡಿಸಿದರೂ ರೋಗವು ನಿಲ್ಲ​ದಿದ್ದರೆ, ಔಷಧದ ಪ್ರಮಾಣವನ್ನು ಹೆಚ್ಚಿಸುವುದು ಸರಿಯಲ್ಲ. ರೋಗ ತಗಲಿದ ಎಲೆಗಳನ್ನು ಹಾಸನದ ಸಮೀಪದ ಸೋಮನಹಳ್ಳಿ ಕಾವಲಿನ ತೋಟಗಾರಿಕೆ ಸಂಶೋಧನಾ ಕೇಂದ್ರಕ್ಕಾಗಲಿ ಕಂದಲಿಯ ಕೃಷಿ ವಿಜ್ಞಾನ ಕೇಂದ್ರಕ್ಕಾಗಲಿ ಒಯ್ದು ತೋರಿಸಬೇಕು. ಪಂಗಡವು ಯಾವುದೆಂದು ಗೊತ್ತಾದರೆ ತಕ್ಕ ಔಷಧವನ್ನು ಹೇಳುವುದು ಸಾಧ್ಯ. ನೆರೆಹೊರೆಯವರಿಗೂ ಮುನ್ನೆಚ್ಚರಿಕೆ ದೊರೆಯುತ್ತದೆ.

ಅಂಗಮಾರಿಯ ಜೀವಿಯು ತನ್ನ ಡಿ.ಎನ್.ಎ.ಯ ರಚನೆಯಿಂದಲೇ ಬೇಗ ಮಾರ್ಪಡುವ ಸ್ವಭಾವವುಳ್ಳದ್ದು. ಆಲೂಗೆಡ್ಡೆಯಾದರೋ ಗೆಡ್ಡೆಯಿಂದ ಗೆಡ್ಡೆಗೆ ಮಾರ್ಪಡದೆ ಬರುವ ಬೆಳೆ. ಈ ಅಂತರವನ್ನು ಒಂದು ತಳಿಯಾಗಲಿ ಒಂದು ಔಷಧವಾಗಲಿ ಮುಚ್ಚಲಾರದು. ಶುದ್ಧವಾದ ಬಿತ್ತನೆ, ಸಕಾಲದ ಸಿಂಪಡಣೆ, ಔಷಧಗಳ ಸರದಿ, ತಳಿಗಳ ವೈವಿಧ್ಯ, ಇವು ನಾಲ್ಕನ್ನೂ ಊರಿನವರೆಲ್ಲರೂ ಒಟ್ಟಾಗಿ ಅನುಸರಿಸಿದರೆ ಮುಂಗಾರಿನ ಬೆಳೆಯನ್ನು ಉಳಿಸಿಕೊಳ್ಳುವುದಕ್ಕೆ ಮಾರ್ಗವುಂಟು.